ಹಾಲವ್ವನ ಹೊಲಿಗೆ ಕಾಯ್ದ ದುಗ್ಗಪ್ಪ

ಕೇಳುವವರು ಹತ್ತಿರ ಸರಿದು ಕೂಡಿ, ನಗುವವರು ಈಗಲೇ ಹೊಟ್ಟೆ ಹಿಡಿದುಕೊಳ್ಳಿ. ಇದು ಮಂಡಕ್ಕಿ ಭಟ್ಟಿ ಓಣಿಯ ಸಂಗತಿ. ಭಟ್ಟಿ ಅಂದರೆ ಆಗಿನ ಭಟ್ಟಿ. ಒಲೆ ಹೊತ್ತಿಸಿದರೆ ಮೇಲೆ ಹಾರುವ ಕಾಗೆ ಹುರಿದ ಕಾಗೆಯಾಗಿ ಕೆಳಗೆ ಬೀಳುತ್ತಿತ್ತು. ಕಾದ ಉಸುಕಿಗೆ ಒಂದು ಬೊಗಸೆ ಅಕ್ಕಿ ಎಸೆದರೆ ಸಾಕು, ಉಬ್ಬಿದ ಮಂಡಕ್ಕಿ ಓಣಿ ತುಂಬಿ ಹರಿದು ಪಕ್ಕದ ಓಣಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಈಗಿನವೂ ಇವೆ ಭಟ್ಟಿ, ಬೀಡಿ ಹೊತ್ತಿಸಿಕೊಳ್ಳಲಿಕ್ಕೆ ಸರಿ.

ಆ ಓಣಿಯಲ್ಲಿ ಹಾಲವ್ವ ಅಂತ ಒಬ್ಬಾಕೆ. ಗಂಡ ಇಲ್ಲ. ಇದ್ದವನು ಒಬ್ಬನೇ ಮಗ, ದುಗ್ಗಪ್ಪ. ಮೈ ನೋಡಿದರೆ ಕೋಟೆ ಬಾಗಿಲು. ಬಲಗೈಲಿ ಒಂದು ಅಕ್ಕಿ ಮೂಟೆ, ಎಡಗೈಲಿ ಒಂದು, ಹಲ್ಲಲ್ಲಿ ಕಚ್ಚಿ ಇನ್ನೊಂದು ತರುವವನು. ತಲೆ ಮಾತ್ರ ದೇವರು ಆಮೇಲೆ ಕೊಡೋಣ ಅಂತ ಬಿಟ್ಟು ಮರೆತದ್ದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ಕಾಯಿಲೆ. ಒಲೆ ನೋಡ್ತಿರು ಅಂತ ಹೇಳಿ ಹಾಲವ್ವ ಸಂತೆಗೆ ಹೋದರೆ, ಉರಿಯುವ ಒಲೆಯನ್ನು ನೋಡಿದ, ಆರುವ ಒಲೆಯನ್ನು ನೋಡಿದ, ತಣ್ಣಗಾದ ಒಲೆಯನ್ನೂ ನೋಡುತ್ತ ಕೂತಿದ್ದ. ಒಂದು ಪುಳ್ಳೆ ಹಾಕಬಾರದೇನಲೇ ಅಂದರೆ, ನೀನು ನೋಡು ಅಂದಿದ್ದೆ, ಹಾಕು ಅಂದಿರಲಿಲ್ಲ ಅಂದ. ಹಾಲವ್ವ ಹಣೆ ಚಚ್ಚಿಕೊಂಡಳು. ಚಚ್ಚಿಕೊಂಡು ಚಚ್ಚಿಕೊಂಡು ಆಕೆಯ ಹಣೆ ಒರಳಿನ ಹಾಗೆ ನುಣ್ಣಗಾಗಿತ್ತು.

ಮೂಟೆ ಎತ್ತಿ, ಉಸುಕು ತಿರುವಿ, ಹಾಲವ್ವನ ಹೊಕ್ಕುಳದ ಪಕ್ಕ ಕರುಳು ಉಬ್ಬಿ ಗಂಟಾಯಿತು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮುಟ್ಟಿ ನೋಡಿ, ಕೊಯ್ದು ಹೊಲಿಯಬೇಕು ಅಂದರು.

"ಕೊಯ್ಯೋದು ನನ್ನ ಕೆಲಸ, ಹಾಲವ್ವ. ಆಮೇಲೆ ಗಾಯ ಕೀವಾಗದ ಹಂಗೆ ಕಾಯೋದು ನಿಮ್ಮ ಮನೆಯವರ ಕೆಲಸ. ಮನೇಲಿ ಯಾರಿದ್ದಾರೆ?"

ಹಾಲವ್ವ ಹಿಂದೆ ತಿರುಗಿದಳು. ಸುಮ್ಮನೆ ಕೈ ತೋರಿಸಿದಳು. ದುಗ್ಗಪ್ಪ ತೂಕದ ಯಂತ್ರದ ಮೇಲೆ ನಿಂತಿದ್ದ. ಬೆಳಿಗ್ಗೆ ಯಾರೋ ಹತ್ತು ಅಂದಿದ್ದರು, ಇಳಿ ಅಂದಿರಲಿಲ್ಲ. ಡಾಕ್ಟರಮ್ಮ ನೋಡಿದರು. ಅವರೂ ಹಣೆ ಒತ್ತಿಕೊಂಡರು.

ಹಾಲವ್ವನಿಗೆ ಕತ್ತರಿಯ ಹೆದರಿಕೆ ಇರಲಿಲ್ಲ. ಹೆದರಿಕೆ ಕೀವಿನದು. ಹಿಂದಿನ ಮನೆಯ ನೀಲವ್ವನಿಗೆ ಇದೇ ಗಂಟು, ಇದೇ ಕೊಯ್ತ. ಮನೆಗೆ ಬಂದ ಮೇಲೆ ಗಾಯ ಬಾತು, ಕೀವಾಗಿ, ಹೊಲಿದದ್ದನ್ನು ಬಿಚ್ಚಿ ಮತ್ತೆ ಕೊಯ್ದರು. ಆ ನೀಲವ್ವ ಇವತ್ತಿಗೂ ಗೋಡೆ ಹಿಡಿದು ನಡೆಯುತ್ತಾಳೆ. ನಾನು ಹಾಸಿಗೆ ಹಿಡಿದರೆ ಭಟ್ಟಿಗೆ ಯಾರು, ಈ ಕೋಟೆ ಬಾಗಿಲಿಗೆ ಅನ್ನ ಹಾಕೋರು ಯಾರು, ಅಂತ ಹಾಲವ್ವನ ಚಿಂತೆ. ಅಂಥ ಗಾಯ ಕಾಯಲಿಕ್ಕೆ ಸಿಕ್ಕವನು ಇಂಥ ಮಗ.

ಇರಲಿ. ಆಪರೇಷನ್ನಿಗೆ ಹೊರಡುವ ಬೆಳಿಗ್ಗೆ ಬಂತು. ನರ್ಸು ಗಿರಿಜಾಬಾಯಿ ಮೊದಲೇ ಹೇಳಿ ಕಳಿಸಿದ್ದಳು, ಸೋಪು ಹಚ್ಚಿ ಚೆನ್ನಾಗಿ ಮೈ ತೊಳೆದುಕೊಂಡು ಬರಬೇಕು, ಕೊಳೆಯಿಂದಲೇ ಗಾಯಕ್ಕೆ ರೋಗ ಹೊಗುವುದು ಅಂತ. ಹಾಲವ್ವ ಸ್ನಾನಕ್ಕೆ ಹೋಗುವಾಗ ಮಗನಿಗೂ ಹೇಳಿದಳು, ಆಸ್ಪತ್ರೆಗೆ ಹೋಗೋದೆಲ್ಲ ಸೋಪು ಹಚ್ಚಿ ತೊಳೆದಿರಬೇಕು ಕಣಪ್ಪ, ನೀನೂ ತೊಳಕೋ.

ತೊಳೆದ. ತಾನು ತೊಳೆದುಕೊಂಡ. ಆಸ್ಪತ್ರೆಗೆ ಹೋಗುವ ಚೀಲ ತೊಳೆದ. ಚೀಲದೊಳಗಿನ ಬನ್ನು ತೊಳೆದ, ಬಾಳೆಹಣ್ಣು ಸುಲಿದು ಒಳಗೂ ತೊಳೆದ. ಕಂಬಳಿ ತೊಳೆದ. ಅಷ್ಟರಲ್ಲಿ ಬಾಗಿಲಿಗೆ ಆಟೋ ಬಂತು. ಆಟೋ ಸಹ ಆಸ್ಪತ್ರೆಗೇ ಹೋಗುವುದಲ್ಲವೇ? ತೊಳೆದ. ಓಡಿಸುವ ಖಾದರ್ ಸಾಬ ಒಳಗೇ ಕೂತಿದ್ದ. ಅವನೂ ಆಸ್ಪತ್ರೆಗೇ ಹೋಗುವವನಲ್ಲವೇ? ಹಾಲವ್ವ ತಲೆ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಖಾದರ್ ಸಾಬನ ಗಡ್ಡದ ತುಂಬ ನೊರೆ, ಕಣ್ಣು ಮುಚ್ಚಿಕೊಂಡು, ಅಮ್ಮಾ ನಿಮ್ಮ ಮಗ ಕಿವಿ ಹಿಂದೆ ಬಾಳ ಚಲೋ ತಿಕ್ತಾನೆ ಅನ್ನುತ್ತಿದ್ದ. ಆ ಆಟೋ ಎಷ್ಟು ಹೊಳೆಯಿತು ಅಂದರೆ ದಾರಿಯಲ್ಲಿ ಎದುರು ಬಂದ ಎತ್ತುಗಳು ಅದರಲ್ಲಿ ತಮ್ಮ ಮುಖ ನೋಡಿ ಹೆದರಿ ಚರಂಡಿಗೆ ಇಳಿದವು.

ಆಸ್ಪತ್ರೆಯಲ್ಲಿ ಗಿರಿಜಾಬಾಯಿ ನೊರೆ ಬನ್ನು ನೋಡಿ ಬೈದಳು. ಲೋಕವನ್ನೆಲ್ಲ ತೊಳೆಯಬೇಡ. ಅವ್ವನನ್ನು ಮುಟ್ಟೋ ಕೈ ತೊಳಿ. ತೊಳೆದ ಮೇಲೆ ಆ ಕೈಲಿ ಬೇರೆ ಏನನ್ನೂ ಮುಟ್ಟಬೇಡ, ಸೀದಾ ಅವ್ವನ ಹತ್ತಿರ ಬಾ.

ಆಗಲಿ ಅಕ್ಕಾ, ಇನ್ನು ಹಂಗೇ ಮಾಡ್ತೀನಿ ಅಂದ.

ಆಪರೇಷನ್ ಆಯಿತು. ಹಾಲವ್ವನಿಗೆ ಮಂಪರು ಇಳಿದು ಕಣ್ಣು ಬಿಟ್ಟರೆ ಹೊಟ್ಟೆಯ ಮೇಲೆ ಬಿಳಿ ಪಟ್ಟಿ. ಬಾಯಿ ಒಣಗಿತ್ತು. ಮಗನ ದಾರಿ ನೋಡಿದಳು. ಮಗ ನಲ್ಲಿಯ ಹತ್ತಿರ ಮೊಣಕೈ ತನಕ ಕೈ ತೊಳೆದು, ಎರಡೂ ಕೈ ಆಕಾಶಕ್ಕೆ ಎತ್ತಿಕೊಂಡು ಹೊರಟಿದ್ದ. ವಾರ್ಡಿನ ಬಾಗಿಲು ಮುಚ್ಚಿತ್ತು. ಕೈಲಿ ಮುಟ್ಟುವ ಹಾಗಿಲ್ಲ. ತಲೆ ಇದ್ದದ್ದು ಇದಕ್ಕೇ ಅಂದುಕೊಂಡನೋ ಏನೋ, ಟಗರಿನ ಹಾಗೆ ಹಿಂದೆ ಸರಿದು ಓಡಿ ಬಂದು ಗುದ್ದಿದ. ಬಾಗಿಲು ತೆರೆಯಿತು, ಅದರ ಹಿಂದೆ ಬರುತ್ತಿದ್ದ ಗಿರಿಜಾಬಾಯಿಯೂ, ಆಕೆಯ ತಟ್ಟೆಯೂ, ತಟ್ಟೆಯಲ್ಲಿದ್ದ ಹತ್ತಿಯೂ ಔಷಧಿಯೂ ಒಟ್ಟಿಗೆ ಹಾರಿದವು. ಹತ್ತಿ ಇಡೀ ವಾರ್ಡಿನಲ್ಲಿ ತೇಲಿ, ಮೂಲೆಯ ಮುದುಕನೊಬ್ಬ ಎದ್ದು ಕೂತು ಸ್ವರ್ಗಕ್ಕೆ ಬಂದೆ ಅಂತ ಕೈ ಮುಗಿದ.

ದುಗ್ಗಪ್ಪ ಮಾತ್ರ ಅತ್ತ ಇತ್ತ ನೋಡದೆ ಸೀದಾ ಬಂದು ತೊಳೆದ ಕೈಲಿ ಅವ್ವನ ಹಣೆ ಮುಟ್ಟಿದ. ಕೈ ತಣ್ಣಗಿತ್ತು. ಹಾಲವ್ವನಿಗೆ ಆ ನೋವಿನಲ್ಲೂ ಹಿತವಾಯಿತು. ಬೈಯಲಿಕ್ಕೆ ಅಂತ ತೆಗೆದ ಬಾಯಿ ಮುಚ್ಚಿದಳು.

ಗಿರಿಜಾಬಾಯಿ ಮುಚ್ಚಲಿಲ್ಲ. ಎದ್ದು ಸೀರೆ ಕೊಡವಿ ಬೈದಳು. ಮುಚ್ಚಿದ ಕಡೆ ನುಗ್ಗಬಾರದು. ಯಾರಾದರೂ ಬಂದು ತೆಗೆಯೋ ತನಕ ಸುಮ್ಮನೆ ಹೊರಗೆ ನಿಲ್ಲಬೇಕು, ತೆಗೆದ ಮೇಲೆ ಒಳಗೆ ಬರಬೇಕು.

ಆಗಲಿ ಅಕ್ಕಾ, ಇನ್ನು ಹಂಗೇ ಮಾಡ್ತೀನಿ ಅಂದ.

ಹಾಲವ್ವನನ್ನು ಮನೆಗೆ ಕಳಿಸಿದರು. ಮಾತ್ರೆ ತರಲಿಕ್ಕೆ ದುಗ್ಗಪ್ಪ ಔಷಧಿ ಅಂಗಡಿಗೆ ಹೋದ. ಅಂಗಡಿ ತೆರೆದೇ ಇತ್ತು. ತೆರೆದೇ ಇದ್ದರೆ ಯಾರು ತೆಗೆಯಬೇಕು? ಇವನು ತೊಳೆದ ಕೈ ಎತ್ತಿಕೊಂಡು ಮುಂದೆ ನಿಂತ. ಜನ ಬಂದರು, ಹೋದರು. ಇವನು ನಿಂತೇ ಇದ್ದ. ಏನಪ್ಪ ಬೇಕು ಅಂತ ಅಂಗಡಿಯವನು ಕೇಳಿದರೆ, ತೆಗೀಲಿ ಅಂದ. ತೆಗೆದೇ ಐತಲ್ಲ ಅಂದರೆ, ತೆಗೆದದ್ದು ನಾನು ನೋಡಲಿಲ್ಲ ಅಂದ. ದಾರಿಹೋಕರು ಇದು ಯಾವುದೋ ಹರಕೆ ಅಂದುಕೊಂಡರು. ಒಬ್ಬಾಕೆ ಬಂದು ಕುಂಕುಮ ಹಚ್ಚಿದಳು. ಇನ್ನೊಬ್ಬ ಕಾಯಿ ಒಡೆದ. ಕೆಮ್ಮಿನ ಔಷಧಿಗೆ ಬಂದವನೊಬ್ಬ ಇವನಿಗೆ ಸುತ್ತು ಬಂದು, ಕೆಮ್ಮು ನಿಂತಿತು ಅಂತ ಔಷಧಿ ಕೊಳ್ಳದೆಯೇ ಹೋದ. ಆಮೇಲೆ ಅಂಗಡಿಯವನು ಊಟಕ್ಕೆ ಅಂತ ಶಟರು ಎಳೆದ, ಉಂಡು ಬಂದು ಮತ್ತೆ ಎತ್ತಿದ. ಆಗ ದುಗ್ಗಪ್ಪ ನಿಟ್ಟುಸಿರು ಬಿಟ್ಟು, ಈಗ ತೆಗೆದ್ರಲ್ಲಪ್ಪ ಅಂತ ಒಳಗೆ ಹೋದ.

ಮನೆಯಲ್ಲಿ ಹಾಲವ್ವ ಬಾಗಿಲು ನೋಡಿ ನೋಡಿ ಸಾಕಾಗಿದ್ದಳು. ಬಂದವನ ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಹಾರ. ಕೂಗಿ ಬೈದರೆ ಹೊಲಿಗೆ ಜಗ್ಗುತ್ತದೆ ಅಂತ ಮೆಲ್ಲಗೆ ಬೈದಳು. ಮೆಲ್ಲಗೆ ಬೈದು ಹಾಲವ್ವನಿಗೆ ಅಭ್ಯಾಸವೇ ಇರಲಿಲ್ಲ, ಕಣ್ಣಲ್ಲಿ ನೀರು ಬಂತು.

ಸಂಜೆ ಗಿರಿಜಾಬಾಯಿ ತನ್ನ ಮನೆಗೆ ಹೋಗುವ ದಾರಿಯಲ್ಲಿ ಇಣುಕಿದಳು. ಆಕೆಯ ಮನೆ ಪಕ್ಕದ ಓಣಿಯಲ್ಲೇ. ಮಾತ್ರೆ ತೋರಿಸಿ ಬಿಡಿಸಿ ಹೇಳಿದಳು, ಇದು ಗಾಯಕ್ಕೆ ರೋಗ ಹೊಗದಂತೆ ತಡೆಯೋ ಮಾತ್ರೆ, ನೋವು ಕಡಿಮೆ ಆಯಿತು ಅಂತ ಬಿಡಬಾರದು. ಒಂದು ಸಲ ಶುರು ಮಾಡಿದರೆ ಪೂರ್ತಿ ಮುಗಿಯೋ ತನಕ ನಡುವೆ ನಿಲ್ಲಿಸಬಾರದು, ತಿಳೀತೇನಪ್ಪ? ಹಂಗೇ ಮನೆ ಸ್ವಲ್ಪ ಗುಡಿಸಿಡು.

ಆಗಲಿ ಅಕ್ಕಾ, ಇನ್ನು ಹಂಗೇ ಮಾಡ್ತೀನಿ ಅಂದ.

ಮಾತ್ರೆ ಕೊಡುವುದರಲ್ಲಿ ಅವನು ತಪ್ಪಲಿಲ್ಲ, ಸುಳ್ಳು ಯಾಕೆ ಹೇಳಬೇಕು. ತಪ್ಪಿದ್ದು ಕಸಬರಿಗೆಯಲ್ಲಿ. ಬೆಳಿಗ್ಗೆ ಗುಡಿಸಲು ಶುರು ಮಾಡಿದ. ಒಳಮನೆ ಗುಡಿಸಿದ, ಪಡಸಾಲೆ ಗುಡಿಸಿದ, ಅಂಗಳ ಗುಡಿಸಿದ. ಮುಗಿಯೋ ತನಕ ನಿಲ್ಲಿಸಬಾರದು. ಅಂಗಳದ ಆಚೆಗೂ ಕಸ ಇತ್ತು. ಓಣಿ ಗುಡಿಸಿದ. ಓಣಿಯ ಆಚೆಗೂ ಇತ್ತು. ಸಂತೆ ಮೈದಾನ ಗುಡಿಸಿದ, ಬಸ್‌ಸ್ಟ್ಯಾಂಡು ಗುಡಿಸಿದ, ಹೆದ್ದಾರಿಗೆ ಹತ್ತಿದ. ನಮ್ಮ ನಾಡಿನ ಕಸ ಮುಗಿಯುವ ಕಸವೇ? ಮುಂದಿನ ಊರಿನವರು ದಾರಿಯಲ್ಲಿ ಧೂಳು ಏಳುವುದು ನೋಡಿ ಯಾವುದೋ ಸೈನ್ಯ ಬಂತು ಅಂತ ದನ ಒಳಗೆ ಕಟ್ಟಿಕೊಂಡರಂತೆ. ಧೂಳಿನಿಂದ ಹೊರಗೆ ಬಂದದ್ದು ಒಬ್ಬ ದುಗ್ಗಪ್ಪ, ಒಂದು ಹಿಡಿ ಸವೆದ ಕಸಬರಿಗೆ.

ಖಾದರ್ ಸಾಬ ಆಟೋದಲ್ಲಿ ಹಾಕಿಕೊಂಡು ವಾಪಸ್ ತಂದ. ಅಷ್ಟು ಹೊತ್ತೂ ಹಾಲವ್ವ ಒಬ್ಬಳೇ ಮಲಗಿದ್ದಳು. ನೀರಿನ ಚೊಂಬು ಕೈಗೆ ಎಟುಕುತ್ತಿರಲಿಲ್ಲ. ಸೂರು ನೋಡುತ್ತ ನೀಲವ್ವನ ಗೋಡೆಯನ್ನೇ ನೆನೆಯುತ್ತಿದ್ದಳು. ಈ ಸಲ ಬೈಯಲೂ ಇಲ್ಲ. ಮಗ ಬಂದು ಕೈ ತೊಳೆದು ನೀರು ಕುಡಿಸಿದರೆ, ಗೋಡೆ ಕಡೆ ಮುಖ ತಿರುಗಿಸಿದಳು. ಬೈಗುಳಕ್ಕೆ ಒಗ್ಗಿದವನಿಗೆ ಇದನ್ನು ತಡೆಯಲಿಕ್ಕಾಗಲಿಲ್ಲ. ಮೂಲೆಯಲ್ಲಿ ಕೂತು ಮೊಣಕಾಲಲ್ಲಿ ತಲೆ ಇಟ್ಟ.

ಗಿರಿಜಾಬಾಯಿಯೇ ಬಂದು ಅವನನ್ನು ಎಬ್ಬಿಸಿ, ಮಂಚದ ಪಕ್ಕ ಕೂಡಿಸಿ, ಒಂದೊಂದೇ ಮಾತು ಇಟ್ಟು ಹೇಳಿದಳು.

"ನೋಡು ದುಗ್ಗಪ್ಪ. ಇನ್ನು ಎಲ್ಲಿಗೂ ಹೋಗಬೇಡ, ಇಲ್ಲೇ ಕೂತು ಕಾಯಿ. ಹೊಲಿಗೆಗೆ ಯಾರೂ ಕೈ ಹಚ್ಚಬಾರದು. ನೀರು, ಅರಿಶಿನ, ಬೂದಿ, ಏನೂ ತಾಗಬಾರದು. ಕೆಂಪಗಾಗಿ ಮುಟ್ಟಿದರೆ ಬಿಸಿಯಾದರೆ ಒಂದು ಗಳಿಗೆ ತಡಮಾಡಬೇಡ, ಆಟೋ ಸಿಗಲಿ ಬಿಡಲಿ, ಹೊತ್ತುಕೊಂಡು ಆಸ್ಪತ್ರೆಗೆ ತಂದುಬಿಡು."

ಆಗಲಿ ಅಕ್ಕಾ, ಇನ್ನು ಹಂಗೇ ಮಾಡ್ತೀನಿ ಅಂದ. ಮಂಚದ ಪಕ್ಕ ಕೂತ. ಹಂದಲಿಲ್ಲ. ಅವನ ಮೇಲೆ ಗುಬ್ಬಿ ಗೂಡು ಕಟ್ಟಿತು ಅಂತ ಹೇಳುವವರೂ ಇದ್ದಾರೆ, ಅಷ್ಟು ನಾನು ಹೇಳುವುದಿಲ್ಲ, ಹುಲ್ಲುಕಡ್ಡಿ ತಂದು ನೋಡಿದ್ದು ನಿಜ.

ಈಗ ಬಂದ ಗದಿಗೆಪ್ಪ. ಹಾಲವ್ವನ ಅಣ್ಣ, ಭಟ್ಟಿ ಓಣಿಗೆಲ್ಲ ಹಿರಿಯ. ಅವನ ಮಾತಿಗೆ ಎದುರಾಡಿದವರು ಇಲ್ಲ, ಹಾಲವ್ವನಂತೂ ಹುಟ್ಟಿದಾಗಿಂದ ಎದುರಾಡಿದವಳಲ್ಲ. ಭಟ್ಟಿ ಜನಕ್ಕೆ ಒಂದು ಪದ್ಧತಿ ಇತ್ತು. ಸುಟ್ಟರೂ ಸರಿ, ಕೊಯ್ದರೂ ಸರಿ, ಒಲೆಯ ತಳದ ಬೂದಿಯನ್ನು ಹರಳೆಣ್ಣೆಯಲ್ಲಿ ಕಲಸಿ ಗಾಯಕ್ಕೆ ಮೆತ್ತುವುದು. ನಮ್ಮನ್ನು ಸಾಕಿದ ಬೆಂಕಿ ನಮ್ಮ ಗಾಯ ಮಾಯಿಸದೇ ಬಿಡುತ್ತದೆಯೇ ಅನ್ನುವ ನಂಬಿಕೆ. ಗದಿಗೆಪ್ಪ ಒಂದು ಬಟ್ಟಲು ತುಂಬ ಕಪ್ಪಗೆ ಕಲಸಿಕೊಂಡೇ ಬಂದಿದ್ದ. ತಂಗಿ ಮಲಗಿದ್ದು ನೋಡಿ ಅವನ ಕರುಳು ಚುರ್ ಅಂದಿತ್ತು, ಸುಳ್ಳಲ್ಲ. ಆಸ್ಪತ್ರೆಯವರ ಪಟ್ಟಿ ಬಿಚ್ಚಿ ಒಗೆ, ಇದನ್ನ ಮೆತ್ತಿದರೆ ನಾಳೆ ಎದ್ದು ಒಲೆ ಮುಂದೆ ಕೂಡ್ತೀಯ ಅಂದ.

ಹಾಲವ್ವ ಬಟ್ಟಲು ನೋಡಿದಳು. ನೀಲವ್ವನಿಗೂ ಇದನ್ನೇ ಮೆತ್ತಿದ್ದರು, ಇದೇ ಬೂದಿ, ಇದೇ ಅಣ್ಣ. ಅದು ಆಕೆಗೆ ಆ ಗಳಿಗೆಯಲ್ಲಿ ಹೊಳೆಯಿತು. ಬೇಡ ಅನ್ನಬೇಕು ಅಂತ ತುಟಿ ತೆರೆದರೆ ಮಾತು ಬರಲಿಲ್ಲ. ಅಣ್ಣನಿಗೆ ಬೇಡ ಅಂದು ಗೊತ್ತಿಲ್ಲದ ನಾಲಿಗೆ. ಗದಿಗೆಪ್ಪ ಬಗ್ಗಿ ಪಟ್ಟಿಯ ತುದಿಗೆ ಉಗುರು ಹಾಕಿದ.

"ಮಾವ, ಕೈ ಹಚ್ಚಬೇಡ," ಅಂದ ದುಗ್ಗಪ್ಪ.

ಗದಿಗೆಪ್ಪ ಹಾಗೇ ಬಗ್ಗಿದವನು ಕತ್ತು ತಿರುಗಿಸಿದ. "ಯಾರಿಗೆ ಹೇಳ್ತಿದ್ದೀಯಲೇ?"

"ನಿನಗೆ. ಬೂದಿ ತಾಗಬಾರದು."

"ನಿನ್ನ ಹೊಕ್ಕುಳಕ್ಕೆ ಬೂದಿ ಮೆತ್ತಿದವನು ನಾನು, ಪೆದ್ದ ಮುಂಡೇದೆ. ನನಗೆ ಬುದ್ಧಿ ಹೇಳ್ತೀಯಾ?"

ಸಿಟ್ಟು ಏರಿತು. ಕಿವಿ ಕೆಂಪಾಯಿತು, ಮೂಗು ಕೆಂಪಾಯಿತು, ಮುಖವೆಲ್ಲ ಕೆಂಡವಾಯಿತು. ದುಗ್ಗಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಕೈ ಚಾಚಿ ಮಾವನ ಕೆನ್ನೆ ಮುಟ್ಟಿದ. ಬಿಸಿ. ಕೆಂಪಗಾಗಿ ಬಿಸಿಯಾದರೆ ಏನು ಮಾಡಬೇಕು? ಒಂದು ಗಳಿಗೆ ತಡಮಾಡಲಿಲ್ಲ. ಮಾವನನ್ನು ಮೂಟೆಯ ಹಾಗೆ ಎತ್ತಿ ಹೆಗಲಿಗೆ ಹಾಕಿಕೊಂಡ. ಬಟ್ಟಲು ಒಂದು ಕಡೆ, ರುಮಾಲು ಒಂದು ಕಡೆ. ಇಳಿಸಲೇ ಅಂತ ಗದಿಗೆಪ್ಪ ಬೆನ್ನಿಗೆ ಗುದ್ದಿದಷ್ಟೂ ಇನ್ನಷ್ಟು ಕೆಂಪಾದ, ಇನ್ನಷ್ಟು ಬಿಸಿಯಾದ, ದುಗ್ಗಪ್ಪ ಇನ್ನಷ್ಟು ಜೋರಾಗಿ ಓಡಿದ. ಓಣಿಯೆಲ್ಲ ಜಲ್ಲಡಿ ಹಿಡಿದುಕೊಂಡೇ ಹೊರಗೆ ಬಂದು ನಿಂತಿತು. ಹಿರಿಯರ ಮೆರವಣಿಗೆ ಅಂತ ಯಾರೋ ಮಂಡಕ್ಕಿ ಎರಚಿದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಮುಂದೆ ಇಳಿಸಿ, ಕೆಂಪಗಾಗೈತೆ, ಬಿಸಿಯಾಗೈತೆ, ನೋಡಿ ಅಂದ. ಗದಿಗೆಪ್ಪ ಎದ್ದು ಹೊರಟವನು ಕುಂಟಿದ. ಯಾಕೆ ಕುಂಟುತ್ತೀರಿ ಅಂದರೆ ಏನಿಲ್ಲ ಅಂದ. ಡಾಕ್ಟರಮ್ಮ ಬಿಡಲಿಲ್ಲ. ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚಿಸಿದರೆ, ಹಿಮ್ಮಡಿಯ ಮೇಲೆ ಹಳೇ ಸುಟ್ಟಗಾಯ, ಅದರ ಮೇಲೆ ಬೂದಿಯ ಮೇಲೆ ಬೂದಿ ಮೆತ್ತಿ ಹೆಂಚಿನ ಹಾಗೆ ಗಟ್ಟಿಯಾಗಿತ್ತು. ಹೆಂಚು ಎತ್ತಿದರೆ ಅಡಿಯಲ್ಲಿ ಕೀವು ಪಿಚಕ್ ಅಂದಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕಾಲೇ ಹೋಗುತ್ತಿತ್ತು ಅಂತ ಡಾಕ್ಟರಮ್ಮ ಅಂದಾಗ ಓಣಿಯ ಹಿರಿಯ ತನ್ನ ಕಾಲನ್ನೇ ನೋಡುತ್ತ ಕೂತ. ತಂಗಿಗೆ ಏನು ಮೆತ್ತಲಿಕ್ಕೆ ಹೋಗಿದ್ದೆ ಅನ್ನುವುದು ಆಗ ಅವನ ತಲೆಗೆ ಇಳಿಯಿತು.

ನಡೆದದ್ದನ್ನೆಲ್ಲ ಕೇಳಿ ಡಾಕ್ಟರಮ್ಮ ದುಗ್ಗಪ್ಪನ ಬೆನ್ನು ತಟ್ಟಿದರು. ಒಳ್ಳೇ ಕೆಲಸ ಮಾಡಿದೆ. ಅವ್ವನ ಹೊಲಿಗೆಗೆ ಕೈ ಹಾಕಲಿಕ್ಕೆ ಯಾರೇ ಬರಲಿ, ಎಷ್ಟೇ ದೊಡ್ಡವರಿರಲಿ, ಮುಲಾಜು ನೋಡಬೇಡ, ಹಿಂಗೇ ಹೊತ್ತು ತಂದು ಇಲ್ಲಿ ಸಾಲಿನಲ್ಲಿ ಕೂಡಿಸು ಅಂದರು.

ಇದೇ, ನೋಡಿ, ಡಾಕ್ಟರಮ್ಮ ಮಾಡಿದ ತಪ್ಪು.

ಆಗಲಿ ಅಮ್ಮಾ, ಇನ್ನು ಹಂಗೇ ಮಾಡ್ತೀನಿ ಅಂದ.

ಹೊಲಿಗೆ ಬಿಚ್ಚುವ ದಿನ ಬಂತು. ಹಾಲವ್ವ ದೇವರಿಗೆ ಹೇಳಿಕೊಳ್ಳುತ್ತಲೇ ಆಸ್ಪತ್ರೆಯ ಮೇಜಿನ ಮೇಲೆ ಮಲಗಿದಳು. ಪಟ್ಟಿ ತೆಗೆಯುವಾಗ ಕಣ್ಣು ಮುಚ್ಚಿಕೊಂಡಳು. ಡಾಕ್ಟರಮ್ಮ ಕಣ್ಣಿಟ್ಟು ನೋಡಿದರು. ಗಿರಿಜಾಬಾಯಿಯೂ ಇಣುಕಿದಳು. ಹಾಲವ್ವ ಮೇಜಿನ ಅಂಚು ಬಿಗಿಯಾಗಿ ಹಿಡಿದಳು.

"ಒಂದು ಹನಿ ಕೀವಿಲ್ಲ, ಹಾಲವ್ವ. ಇಷ್ಟು ಚೊಕ್ಕ ಗಾಯ ಈಚೆಗೆ ನಾನು ನೋಡಿಲ್ಲ. ಯಾರು ಕಾಯ್ದಿದ್ದು?"

ಹಾಲವ್ವ ಕಣ್ಣು ಬಿಟ್ಟು ಕತ್ತೆತ್ತಿ ನೋಡಿದಳು. ಗೆರೆ ಎಳೆದ ಹಾಗೆ ಸಣ್ಣಗೆ, ಒಣಗಿ, ಕೂಡಿಕೊಂಡಿತ್ತು. ಗೋಡೆ ಹಿಡಿಯುವ ಕೆಲಸ ಇಲ್ಲ. ಮತ್ತೆ ಕೊಯ್ಯುವ ಮಾತಿಲ್ಲ.

"ನನ್ನ ಮಗ," ಅಂದಳು. ಈ ಮಾತನ್ನು ಹಣೆ ಚಚ್ಚಿಕೊಳ್ಳದೆ ಹೇಳಿದ್ದು ಅದೇ ಮೊದಲು.

ಡಾಕ್ಟರಮ್ಮ ನಗುತ್ತ ಸಣ್ಣ ಕತ್ತರಿ ತೆಗೆದುಕೊಂಡು ಬಗ್ಗಿದರು. ಪಕ್ಕದಲ್ಲೇ ನಿಂತಿದ್ದ ದುಗ್ಗಪ್ಪ ಕತ್ತರಿ ನೋಡಿದ, ಹೊಲಿಗೆ ನೋಡಿದ, ಏನು ಮಾಡ್ತೀರಿ ಅಂದ. ಹೊಲಿಗೆ ಬಿಚ್ತೀನಪ್ಪ ಅಂದರು. ಅವರ ಬಾಯಲ್ಲೇ ಬಂತು. ಎಷ್ಟೇ ದೊಡ್ಡವರಿರಲಿ. ದುಗ್ಗಪ್ಪ ಮುಲಾಜು ನೋಡಲಿಲ್ಲ. ಡಾಕ್ಟರಮ್ಮ ಅಕ್ಕಿ ಮೂಟೆಗಿಂತ ಹಗುರ, ಹೆಗಲಿಗೆ ಹತ್ತಿದ್ದು ಅವರಿಗೇ ತಿಳಿಯಲಿಲ್ಲ. ತಿಳಿದ ಮೇಲೆ ಕೂಗಿದರು.

"ಇಳಿಸೋ, ಎಲ್ಲಿಗೆ ಒಯ್ತಿದ್ದೀಯ?"

"ಆಸ್ಪತ್ರೆಗಮ್ಮಾ."

"ಇದೇ ಆಸ್ಪತ್ರೆ ಕಣೋ!"

"ಹೊರಗಿಂದ ಒಳಗೆ ತಂದರಲ್ಲವಾ, ತಂದಂಗೆ?" ಅಂದು ಮೆಟ್ಟಿಲಿಳಿದು, ಗೇಟು ದಾಟಿ, ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಮತ್ತೆ ಗೇಟಿನೊಳಗೆ ತಂದು, ರೋಗಿಗಳ ಸಾಲಿನ ಕಟ್ಟಕಡೆಯಲ್ಲಿ ಕೂಡಿಸಿದ. ಎದ್ದು ಹೋಗದ ಹಾಗೆ ಪಕ್ಕದಲ್ಲೇ ನಿಂತ. ಸಾಲಿನವರು, ಇವರಿಗೆ ಏನಾಗಿದೆ ಅಂತ ಕೇಳಿದರು. ಹೊಲಿಗೆಗೆ ಕೈ ಹಾಕೋ ಕಾಯಿಲೆ, ನಮ್ಮ ಮಾವನಿಗೂ ಇತ್ತು ಅಂದ.

ಒಳಗೆ ಹಾಲವ್ವನಿಗೆ ನಗು ಹತ್ತಿತು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಬಿದ್ದು ಬಿದ್ದು ನಕ್ಕಳು, ಹೊಟ್ಟೆ ನೋಯುವುದಿಲ್ಲ ಅಂತ ತಿಳಿದು ಇನ್ನೂ ನಕ್ಕಳು. ನೀನು ನಗೋದು ನಿಲ್ಲಿಸಿದರೆ ನಾನಾದರೂ ಬಿಚ್ತೀನಿ ಮಾರಾಯ್ತಿ ಅಂತ ಗಿರಿಜಾಬಾಯಿ ಕತ್ತರಿ ಎತ್ತಿಕೊಂಡು, ನಗುವ ಹೊಟ್ಟೆಯ ಮೇಲೆಯೇ ಚಕಚಕ ಎಲ್ಲ ಬಿಚ್ಚಿ ಮುಗಿಸಿದಳು.

ಡಾಕ್ಟರಮ್ಮನನ್ನು ಬಿಡಿಸಲಿಕ್ಕೆ ಹಾಲವ್ವ ಎದ್ದು ಹೊರಟಳು. ಯಾರನ್ನೂ ಹಿಡಿಯದೆ, ಗೋಡೆಯನ್ನೂ ಮುಟ್ಟದೆ, ನೆಟ್ಟಗೆ ನಡೆದು ಬಂದಳು. ದುಗ್ಗಪ್ಪ ದೂರದಿಂದಲೇ ಅವ್ವ ನಡೆಯುವುದನ್ನು ನೋಡಿದ, ಮುಖ ಅಗಲವಾಯಿತು. ಹತ್ತಿರ ಬಂದ ಮೇಲೆ ಸೆರಗಿನ ಸಂದಿಯಲ್ಲಿ ಹೊಟ್ಟೆ ನೋಡಿದ. ನೂಲು ಇರಲಿಲ್ಲ.

"ಅವ್ವಾ, ಹೊಲಿಗೆ ಯಾರು ಬಿಚ್ಚಿದರು?"

ಹಾಲವ್ವ ಬಾಯಿ ತೆರೆದವಳು ಗಪ್ಪನೆ ಮುಚ್ಚಿದಳು. ಆಕೆಯ ಹಿಂದೆ ಗಿರಿಜಾಬಾಯಿ ನಿಂತಿದ್ದಳು, ಕತ್ತರಿ ಇನ್ನೂ ಕೈಯಲ್ಲೇ. ದುಗ್ಗಪ್ಪ ಕತ್ತರಿ ನೋಡಿದ. ಗಿರಿಜಾಬಾಯಿ ದುಗ್ಗಪ್ಪನನ್ನು ನೋಡಿದಳು. ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಇವನು ಹಿಂದೆ ಓಡಿದ. ನಿಲ್ಲಿ ಅಕ್ಕಾ, ಬಾಳ ಹೊತ್ತಾಗಲ್ಲ, ಸಾಲಿನಲ್ಲಿ ಕೂಡಿಸ್ತೀನಿ ಅಷ್ಟೇ ಅಂತ ಕೂಗುತ್ತ ಓಡಿದ. ಆಕೆ ಸಂತೆ ಮೈದಾನ ದಾಟಿದಳು, ಬಸ್‌ಸ್ಟ್ಯಾಂಡು ದಾಟಿದಳು, ಹೆದ್ದಾರಿ ಹತ್ತಿದಳು. ಕಾಲಲ್ಲಿ ಕಸುವಿದ್ದವರು ಬೆನ್ನು ಹತ್ತಿ ಹೋಗಿ ನೋಡಿ ಬನ್ನಿ, ಇನ್ನೂ ಸಿಕ್ಕಿಲ್ಲವಂತೆ.